ಬಡಾವಣೆಯ ಅಪಾಯದ ನಕ್ಷೆ ಮಾಡುವಾಗ ಯಾವ ಅಪಾಯವನ್ನು ಮೊದಲು ಹಿಡಿಯಬೇಕು?

ನಿಮ್ಮ ಸ್ವಯಂಸೇವಕರ ತಂಡ ಬಡಾವಣೆಯ ಅಪಾಯದ ನಕ್ಷೆ ಮಾಡಲು ಹೊರಟಿದೆ. ನೆರೆ, ಭೂಕಂಪ, ಬೆಂಕಿ, ಬಿಸಿಗಾಳಿ ಇವುಗಳಲ್ಲಿ ಯಾವುದಕ್ಕೆ ಮೊದಲ ಸ್ಥಾನ, ಯಾವ ಸಾಫ್ಟ್‌ವೇರ್ ಒಳ್ಳೆಯದು, ನೂರು ವರ್ಷಕ್ಕೊಮ್ಮೆ ಬರುವ ನೆರೆಯನ್ನು ಬಿಟ್ಟುಬಿಡಬಹುದಾ ಅಂತ ಕೇಳಿದ್ದೀರಿ. ನಾನೂ ಇವೇ ಪ್ರಶ್ನೆಗಳನ್ನು ಹಿಡಿದುಕೊಂಡು ಶುರು ಮಾಡಿದವನು.

ನಾವು ಕೆಲಸ ಮಾಡಿದ್ದು ಹೊಳೆ ಪಕ್ಕದ ಒಂದು ವಸತಿ ಪ್ರದೇಶದಲ್ಲಿ. ನೆರೆಯೇ ದೊಡ್ಡ ಅಪಾಯ ಅಂತ ಮೊದಲ ಸಭೆಯಲ್ಲೇ ತೀರ್ಮಾನ ಆಯಿತು. ಹಳೆಯ ಮಳೆ ಲೆಕ್ಕ ತೆಗೆದೆವು. ನೆಲದ ಏರುತಗ್ಗು ಅಳೆದೆವು. ಹಿಂದಿನ ಸಲ ನೀರು ಎಲ್ಲಿಯವರೆಗೆ ಬಂದಿತ್ತು ಅಂತ ಹಳಬರನ್ನು ಕೇಳಿ, ಅವರು ತೋರಿಸಿದ ಕಡೆಯಲ್ಲೆಲ್ಲ ಗೋಡೆಯ ಮೇಲೆ ಸೀಮೆಸುಣ್ಣದಿಂದ ಗೆರೆ ಎಳೆದೆವು. ನೀರು ಖಂಡಿತ ಬರುವ ಕಡೆ ಕೆಂಪು, ಬಂದರೂ ಬರಬಹುದು ಅನ್ನುವ ಕಡೆ ಹಳದಿ, ಉಳಿದದ್ದು ಹಸಿರು. ಪ್ರತಿ ಮನೆಗೂ ಒಂದು ಚುಕ್ಕೆ, ಚುಕ್ಕೆಗೊಂದು ಫೋನ್ ನಂಬರ್. ಹೊಳೆ ಏರಿದರೆ ಕೆಂಪು ಭಾಗದ ನಂಬರ್‌ಗಳಿಗೆಲ್ಲ ಒಂದೇ ಸಲ ಸಂದೇಶ ಹೋಗಬೇಕು. ಇಷ್ಟೇ ನಮ್ಮ ಯೋಜನೆ.

ನೆರೆ ಬಂತು, ರಾತ್ರಿ ಹೊತ್ತಿನಲ್ಲಿ. ನಕ್ಷೆಯಲ್ಲಿ ಕೆಂಪು ಎಲ್ಲಿ ಮುಗಿದಿತ್ತೋ ನೀರೂ ಹೆಚ್ಚುಕಮ್ಮಿ ಅಲ್ಲೇ ನಿಂತಿತು. ಸಂದೇಶವೂ ಹೊತ್ತಿಗೆ ಸರಿಯಾಗಿ ಹೋಗಿತ್ತು. ನೀರಿನ ವಿಷಯದಲ್ಲಿ ನಾವು ಎಲ್ಲೂ ತಪ್ಪಿರಲಿಲ್ಲ.

ತಪ್ಪಿದ್ದು ಆ ಚುಕ್ಕೆಯಲ್ಲಿ. ಇದನ್ನು ಸ್ವಲ್ಪ ಎಳೆದೇ ಹೇಳುತ್ತೇನೆ. ನೀವು ಅದೇ ದಾರಿಯಲ್ಲಿದ್ದೀರಿ ಅಂತ ನಿಮ್ಮ ಪ್ರಶ್ನೆ ಓದಿದರೇ ಗೊತ್ತಾಗುತ್ತದೆ.

ನಾವು ಮನೆಮನೆಗೆ ಹೋಗುತ್ತಿದ್ದದ್ದು ಕೆಲಸದ ದಿನ, ಬೆಳಗ್ಗೆ ಹತ್ತರ ಮೇಲೆ. ನಮಗೆ ಆಗ ಬಿಡುವು. ಆ ಹೊತ್ತಿನಲ್ಲಿ ಬಾಗಿಲು ತೆರೆಯುವವರು ಯಾರು? ಮುಂದಿನ ಬಾಗಿಲಿನವರು, ಅಂದರೆ ಮನೆ ಯಜಮಾನರು ಅಥವಾ ಅವರ ಮನೆಯವರು. ನಮ್ಮ ಫಾರಂನಲ್ಲಿ ಮೊದಲ ಕಾಲಂ ಇದ್ದದ್ದೇ ‘ಮನೆ ಯಜಮಾನರ ಹೆಸರು’. ಎರಡನೆಯದು ‘ಮನೆಯಲ್ಲಿರುವ ಒಟ್ಟು ಜನ’. ಅವರು ತಮ್ಮ ಸಂಸಾರವನ್ನು ಎಣಿಸಿ ನಾಲ್ಕು, ಐದು ಅನ್ನುತ್ತಿದ್ದರು. ನಾವು ಬರೆದುಕೊಂಡು ಮುಂದಿನ ಮನೆಗೆ ಹೋಗುತ್ತಿದ್ದೆವು. ಅವರು ಸುಳ್ಳು ಹೇಳಿದರು ಅಂತ ನಾನು ಹೇಳುವುದಿಲ್ಲ. ಹಿಂದೆ ಬಾಡಿಗೆಗೆ ಯಾರಿದ್ದಾರೆ ಅಂತ ನಾವು ಕೇಳಲೇ ಇಲ್ಲ, ಅವರು ಹೇಳಲಿಲ್ಲ.

ಆ ಬೀದಿಯ ಮನೆಗಳ ಹಿಂಭಾಗದಲ್ಲಿ ನೆಲಮಟ್ಟಕ್ಕಿಂತ ತಗ್ಗಿನಲ್ಲಿ ಬಾಡಿಗೆ ಕೋಣೆಗಳಿದ್ದವು. ಪಕ್ಕದ ಓಣಿಯಿಂದ ಮೂರು ಮೆಟ್ಟಿಲು ಇಳಿದು ಹೋಗಬೇಕು. ಬಾಡಿಗೆ ಕಡಿಮೆ, ಅದಕ್ಕೇ ಜನ ಅಲ್ಲಿದ್ದರು. ಹಗಲೆಲ್ಲ ದುಡಿಯಲು ಹೋಗಿ ರಾತ್ರಿ ಮಲಗಲು ಬರುವವರು, ಇಲ್ಲವೇ ರಾತ್ರಿ ಪಾಳಿ ಮುಗಿಸಿ ಹಗಲು ಮಲಗುವವರು. ನಾವು ಬಾಗಿಲು ತಟ್ಟುವ ಹೊತ್ತಿನಲ್ಲಿ ನಮ್ಮ ಲೆಕ್ಕಕ್ಕೆ ಸಿಗದವರು. ಇಡೀ ಬೀದಿಯಲ್ಲಿ ನೀರು ಮೊದಲು ನುಗ್ಗುವುದು ಅವರ ಕೋಣೆಗೆ. ಆದರೆ ಸಂದೇಶ ಹೋದದ್ದು ಮಹಡಿಯ ಮೇಲೆ ಮಲಗಿದ್ದ ಯಜಮಾನರಿಗೆ. ಒಂದು ಮನೆಯ ಯಜಮಾನರಂತೂ ಬೇರೆ ಊರಿನಲ್ಲಿದ್ದರು. ಅವರ ಫೋನ್ ಒಣನೆಲದಲ್ಲಿ ಕೂಗಿಕೊಂಡಿತು.

ಆ ಮನೆಯ ಹಿಂದಿನ ಕೋಣೆಯಲ್ಲಿ ಒಬ್ಬ ಅಜ್ಜಿ, ಲಕ್ವ ಹೊಡೆದು ಹಾಸಿಗೆ ಹಿಡಿದಿದ್ದ ಅವರ ಗಂಡ. ಸದ್ದು ಕೇಳಿ ಅಜ್ಜಿ ಎದ್ದಾಗ ಹೊರಗೆ ಓಣಿಯಲ್ಲಿ ಮೊಣಕಾಲು ಮಟ್ಟದ ನೀರು. ಬಾಗಿಲು ಹೊರಗೆ ತೆರೆದುಕೊಳ್ಳುವಂಥದ್ದು. ಲೆಕ್ಕ ಹಾಕಿ ನೋಡಿ, ಒಂದು ಮೀಟರ್ ಅಗಲದ ಬಾಗಿಲಿಗೆ ಹೊರಗಿನಿಂದ ಅರ್ಧ ಮೀಟರ್ ನೀರು ಆತು ನಿಂತರೆ ಅದರ ಒತ್ತಡ ನೂರು ಕಿಲೋ ಭಾರಕ್ಕಿಂತ ಜಾಸ್ತಿ. ಅವರು ತಳ್ಳಿ ತಳ್ಳಿ ಸೋತರು. ಪಾಳಿ ಮುಗಿಸಿ ಬಂದ ಪಕ್ಕದ ಕೋಣೆಯ ಹುಡುಗ ಕಿಟಕಿಯ ಸರಳು ಕಿತ್ತು ಇಬ್ಬರನ್ನೂ ಹೊರಗೆಳೆದ. ಅವನ ಹೆಸರೂ ನಮ್ಮ ಪಟ್ಟಿಯಲ್ಲಿರಲಿಲ್ಲ.

ಅಲ್ಲಿಗೇ ಮುಗಿದಿದ್ದರೆ ಒಂದು ಮಾತು. ನೀರು ಇಳಿದ ಮೇಲೆ ಪರಿಹಾರ ಹಂಚಲು ಬಂದವರು ಸಂತ್ರಸ್ತರ ಪಟ್ಟಿ ಕೇಳಿದರು. ಕೈಗೆ ಸಿದ್ಧವಾಗಿ ಸಿಕ್ಕಿದ್ದು ನಮ್ಮ ಪಟ್ಟಿ. ಚುಕ್ಕೆಗೊಂದು ಕಿಟ್, ಚುಕ್ಕೆಗೊಂದು ಚೆಕ್. ಮೇಜಿನ ಹಿಂದೆ ಪಟ್ಟಿ ಹಿಡಿದು ಕೂತಿದ್ದವನು ನಾನು. ಅಜ್ಜಿ ತಮ್ಮ ಗುರುತಿನ ಚೀಟಿ ತಂದಿದ್ದರು. ನೀರಿನಲ್ಲಿ ನೆನೆದು ಶಾಯಿ ಹರಡಿ ಫೋಟೋದಲ್ಲಿ ಮುಖವೇ ಕಾಣುತ್ತಿರಲಿಲ್ಲ. ನಾನು ಪಟ್ಟಿ ನೋಡಿ, ನಿಮ್ಮ ಹೆಸರಿಲ್ಲ ಅಮ್ಮಾ ಅಂದೆ.

“ಬರೆದುಕೊಂಡು ಹೋದವರು ನೀವೇ ಅಲ್ವೇನಪ್ಪಾ?” ಅಂದರು.

ಅವರ ಗಂಡನ ಮಾತ್ರೆಗಳೂ ವೈದ್ಯರ ಚೀಟಿಯೂ ಕೊಚ್ಚಿಹೋಗಿದ್ದವು. ಚೀಟಿ ಇಲ್ಲದೆ ಮಾತ್ರೆ ಸಿಗಲಿಲ್ಲ. ಹೊಸ ಚೀಟಿ ಬರೆಸಲು ದುಡ್ಡಿಲ್ಲ, ದುಡ್ಡು ಬರಬೇಕಾದರೆ ಪಟ್ಟಿಯಲ್ಲಿ ಹೆಸರಿಲ್ಲ. ಗಂಡನಿಗೆ ಮತ್ತೊಮ್ಮೆ ಲಕ್ವ ಹೊಡೆಯಿತು, ಈ ಸಲ ಉಳಿಯಲಿಲ್ಲ. ಸಾವಿನ ಲೆಕ್ಕದಲ್ಲಿ ಅದು ನೆರೆಯ ಸಾವು ಅಂತ ದಾಖಲಾಗಲಿಲ್ಲ. ನನ್ನ ಲೆಕ್ಕದಲ್ಲಿ ಅದು ನೆರೆಯದ್ದೇ, ಅದರಲ್ಲಿ ನಮ್ಮ ಪಟ್ಟಿಯ ಪಾಲೂ ಇದೆ. ಮುಂದಿನ ಮಳೆಗಾಲದಲ್ಲಿ ಆ ಓಣಿಯವರು ನಮ್ಮ ಮಾತು ಕೇಳಲಿಲ್ಲ. ನೀರು ಏರುತ್ತಿದೆ, ಮೇಲೆ ಬನ್ನಿ ಅಂತ ಕೂಗಿದರೂ ಬಾಗಿಲು ತೆರೆಯಲಿಲ್ಲ. ಕೊನೆಗೆ ಆ ಸರಳು ಕಿತ್ತ ಹುಡುಗ ಹೋಗಿ ಕರೆದ, ಆಗ ಬಂದರು.

ಆಮೇಲೆ ನಾನು ಸಿಕ್ಕಿದ್ದನ್ನೆಲ್ಲ ಓದಲು ಶುರು ಮಾಡಿದೆ. ನಮ್ಮದು ಹೊಸ ತಪ್ಪೇನೂ ಆಗಿರಲಿಲ್ಲ. 1985ರ ನವೆಂಬರ್ 13ರಂದು ಕೊಲಂಬಿಯಾದ ನೆವಾಡೊ ಡೆಲ್ ರೂಯಿಸ್ ಜ್ವಾಲಾಮುಖಿ ಸಿಡಿಯಿತು. ತುದಿಯ ಹಿಮ ಕರಗಿ, ಕೆಸರಿನ ಪ್ರವಾಹವಾಗಿ ಕಣಿವೆ ಇಳಿದು ಆರ್ಮೆರೊ ಪಟ್ಟಣವನ್ನು ಮುಚ್ಚಿತು. ಆ ರಾತ್ರಿ ಸತ್ತವರು ಸುಮಾರು 23,000. ಕೆಸರು ಆರ್ಮೆರೊ ಮೇಲೇ ಬರಬಹುದು ಅಂತ ತೋರಿಸುವ ನಕ್ಷೆ ಅದಕ್ಕೂ ಮೊದಲೇ ತಯಾರಾಗಿತ್ತು. ಸಿಡಿದ ಮೇಲೆ ಕೆಸರು ಪಟ್ಟಣ ಮುಟ್ಟಲು ಎರಡು ಗಂಟೆಗಿಂತ ಜಾಸ್ತಿ ಹೊತ್ತು ಹಿಡಿಯಿತು. ಎತ್ತರದ ಜಾಗಕ್ಕೆ ನಡೆದು ಹೋಗಲು ಅಷ್ಟು ಹೊತ್ತು ಸಾಕು. ನಕ್ಷೆ ಸರಿ ಇತ್ತು, ಹೊತ್ತೂ ಇತ್ತು. ಏಳಿ, ಈಗಲೇ ಹೊರಡಿ ಅನ್ನುವ ಮಾತು ಮಾತ್ರ ಜನರ ಬಾಗಿಲಿಗೆ ಬರಲಿಲ್ಲ.

ಅದಕ್ಕೇ ನಿಮ್ಮ ಮೊದಲ ಪ್ರಶ್ನೆಯೇ ಸರಿ ಇಲ್ಲ ಅನ್ನುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ. ಯಾವ ಅಪಾಯ ದೊಡ್ಡದು ಅಂತ ಕೇಳಿದರೆ ಉತ್ತರ ಆಕಾಶದಲ್ಲೋ ಭೂಮಿಯ ಒಳಗೋ ಇದೆ ಅನ್ನಿಸುತ್ತದೆ. 2010ರ ಜನವರಿಯಲ್ಲಿ ಹೈಟಿಯಲ್ಲಿ 7.0 ತೀವ್ರತೆಯ ಭೂಕಂಪ ಆಯಿತು. ಮುಂದಿನ ತಿಂಗಳು ಚಿಲಿಯಲ್ಲಿ 8.8. ಬಿಡುಗಡೆಯಾದ ಶಕ್ತಿಯ ಲೆಕ್ಕದಲ್ಲಿ ಚಿಲಿಯದ್ದು ಸುಮಾರು 500 ಪಟ್ಟು ದೊಡ್ಡದು. ಅಲ್ಲಿ ಸತ್ತವರು ಐನೂರು ಚಿಲ್ಲರೆ. ಹೈಟಿಯಲ್ಲಿ, ಬಹುತೇಕ ಅಂದಾಜುಗಳ ಪ್ರಕಾರ, ಒಂದು ಲಕ್ಷಕ್ಕಿಂತ ಜಾಸ್ತಿ. ಹೈಟಿಯ ಕಂಪನ ರಾಜಧಾನಿಯ ಬುಡದಲ್ಲೇ ಆಯಿತು, ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳಲೇಬೇಕು. ಆದರೆ ಜನರನ್ನು ಕೊಂದದ್ದು ಮೇಲೆ ಬಿದ್ದ ಕಾಂಕ್ರೀಟು. ಚಿಲಿ 1960ರಲ್ಲಿ 9.5ರ ಭೂಕಂಪ ಕಂಡಿತ್ತು. ಕಟ್ಟಡದ ನಿಯಮ ಬಿಗಿ ಮಾಡಿತ್ತು, ಆ ನಿಯಮ ಪಾಲಿಸುವಷ್ಟು ದುಡ್ಡೂ ಆಡಳಿತವೂ ಅಲ್ಲಿತ್ತು. ಹೈಟಿಯ ಬಡವನಿಗೆ ಕಾಂಕ್ರೀಟಿಗೆ ಕಬ್ಬಿಣದ ಸರಳು ಜಾಸ್ತಿ ಹಾಕಿ ಅಂತ ಹೇಳುವವರೂ ಇರಲಿಲ್ಲ, ಹಾಕಿಸುವ ಶಕ್ತಿಯೂ ಇರಲಿಲ್ಲ. ಪ್ರಕೃತಿ ವಿಕೋಪ ಅಂತ ಹೇಳಿ ಕೈ ತೊಳೆದುಕೊಂಡರೆ ಇದು ಯಾವುದೂ ಕಾಣುವುದಿಲ್ಲ.

ಬಿಸಿಗಾಳಿಯನ್ನೂ ಕೇಳಿದ್ದೀರಿ. 1995ರ ಜುಲೈನಲ್ಲಿ ಶಿಕಾಗೊದಲ್ಲಿ ಬಿಸಿಗಾಳಿಗೆ 700ಕ್ಕಿಂತ ಜಾಸ್ತಿ ಜನ ಸತ್ತರು. ಬಹಳ ಜನ ವಯಸ್ಸಾದವರು, ಒಂಟಿಯಾಗಿದ್ದವರು, ಕಳ್ಳಕಾಕರ ಹೆದರಿಕೆಗೆ ಕಿಟಕಿ ಮುಚ್ಚಿಕೊಂಡಿದ್ದವರು. ಬಡತನದಲ್ಲಿ ಹೆಚ್ಚುಕಮ್ಮಿ ಒಂದೇ ಥರ ಇದ್ದ ಅಕ್ಕಪಕ್ಕದ ಎರಡು ಬಡಾವಣೆಗಳಲ್ಲಿ ಒಂದರ ಸಾವಿನ ಪ್ರಮಾಣ ಇನ್ನೊಂದಕ್ಕಿಂತ ಎಷ್ಟೋ ಪಟ್ಟು ಜಾಸ್ತಿ ಇತ್ತು. ಬಿಸಿ ಎರಡಕ್ಕೂ ಒಂದೇ. ಕಡಿಮೆ ಸತ್ತ ಕಡೆ ಬೀದಿಯಲ್ಲಿ ಅಂಗಡಿಗಳಿದ್ದವು, ಜನರ ಓಡಾಟವಿತ್ತು. ಒಬ್ಬರು ಎರಡು ದಿನ ಕಾಣದಿದ್ದರೆ ಕೇಳುವವರಿದ್ದರು. ಇನ್ನೊಂದು ಕಡೆ ಬೀದಿ ಖಾಲಿಯಾಗಿತ್ತು.

2011ರಲ್ಲಿ ಜಪಾನಿನ ಸುನಾಮಿಯಲ್ಲಿ ಸತ್ತವರಲ್ಲಿ ಅರ್ಧಕ್ಕಿಂತ ಜಾಸ್ತಿ ಜನ 60 ದಾಟಿದವರು. 1991ರ ಬಾಂಗ್ಲಾದೇಶದ ಚಂಡಮಾರುತದಲ್ಲಿ ಗಂಡಸರಿಗಿಂತ ಹೆಂಗಸರು ಬಹಳ ಜಾಸ್ತಿ ಸತ್ತರು. ಮಕ್ಕಳನ್ನು ಎತ್ತಿಕೊಂಡು ಓಡಬೇಕಿತ್ತು, ಗಂಡ ಬರಲಿ ಅಂತ ಕಾದರು, ಆಶ್ರಯ ಕಟ್ಟಡದಲ್ಲಿ ಹೆಂಗಸರಿಗೆ ಬೇರೆ ಜಾಗ ಇರಲಿಲ್ಲ. ಆಗ ಪೂರ್ವ ಪಾಕಿಸ್ತಾನ ಆಗಿದ್ದ ಇದೇ ಬಾಂಗ್ಲಾದೇಶದಲ್ಲಿ 1970ರ ಭೋಲಾ ಚಂಡಮಾರುತ ಮೂರು ಲಕ್ಷಕ್ಕಿಂತ ಕಡಿಮೆಯಿಲ್ಲದಷ್ಟು ಜನರನ್ನು ಬಲಿ ತೆಗೆದುಕೊಂಡಿತ್ತು. 1972ರಿಂದ ಅಲ್ಲಿ ಹಳ್ಳಿಹಳ್ಳಿಯ ಸ್ವಯಂಸೇವಕರು ಮೆಗಾಫೋನ್ ಹಿಡಿದು ಮನೆ ಮುಂದೆ ನಿಂತು ಕೂಗುವ ವ್ಯವಸ್ಥೆ ಬೆಳೆಯಿತು, ಆಶ್ರಯ ಕಟ್ಟಡಗಳು ಎದ್ದವು, ಹೆಂಗಸರೂ ಸ್ವಯಂಸೇವಕರಾದರು. 2007ರ ಸಿಡ್ರ್ ಬಲವಾದ ಚಂಡಮಾರುತವೇ. ಸತ್ತವರು ಕೆಲವು ಸಾವಿರ. ಅದೂ ಕಡಿಮೆಯಲ್ಲ, ಆದರೆ ಲಕ್ಷದಿಂದ ಸಾವಿರಕ್ಕೆ ಇಳಿದದ್ದು ಗಾಳಿ ಮೆತ್ತಗಾಗಿ ಅಲ್ಲ, ಅಲ್ವಾ?

ಹಾಗಾಗಿ ನಾಲ್ಕು ಅಪಾಯಗಳಿಗೆ ಒಂದು ಎರಡು ಮೂರು ಅಂತ ನಂಬರ್ ಹಾಕುವುದರಲ್ಲಿ ಸಭೆಗಳನ್ನು ಕಳೆಯಬೇಡಿ. ಆ ಅಜ್ಜಿಯ ಮನೆಯನ್ನೇ ತೆಗೆದುಕೊಳ್ಳಿ. ನೆರೆ ಬಂದರೂ ಅವರೇ ಮೊದಲು, ಬೆಂಕಿ ಹತ್ತಿದರೂ ಅವರೇ ಮೊದಲು. ಒಂದೇ ಬಾಗಿಲು, ಏಳಲಾಗದ ಗಂಡ, ಫೋನ್ ಇಲ್ಲ. ಬಿಸಿಗಾಳಿಗೂ ಗಾಳಿಯಾಡದ ಆ ಕೋಣೆಯೇ ಸಾಕು. ಯಾರು ಸಿಕ್ಕಿಬೀಳುತ್ತಾರೆ ಅಂತ ಹುಡುಕಿದರೆ ನಾಲ್ಕೂ ಅಪಾಯಗಳ ಅರ್ಧ ಕೆಲಸ ಒಟ್ಟಿಗೇ ಆಗುತ್ತದೆ. ನೀರಿನ ಗೆರೆ ಬೇಡ ಅಂತ ಹೇಳುತ್ತಿಲ್ಲ. ಅದು ಬೇಕೇ ಬೇಕು, ಆದರೆ ಅದು ಸುಲಭದ ಅರ್ಧ.

ನೂರು ವರ್ಷದ ನೆರೆಯನ್ನು ದಯವಿಟ್ಟು ಬಿಡಬೇಡಿ. ಹಾಗಂದರೆ ಒಮ್ಮೆ ಬಂದ ಮೇಲೆ ನೂರು ವರ್ಷ ರಜೆ ಅಂತ ಅಲ್ಲ. ಪ್ರತಿ ವರ್ಷವೂ ನೂರಕ್ಕೆ ಒಂದರಷ್ಟು ಸಾಧ್ಯತೆ. ಒಂದೇ ಮನೆಯಲ್ಲಿ 30 ವರ್ಷ ಇದ್ದರೆ ಒಮ್ಮೆಯಾದರೂ ಅದನ್ನು ಕಾಣುವ ಸಾಧ್ಯತೆ ಸುಮಾರು 26%. ಹೊಳೆಗೆ ತಡೆಗೋಡೆ ಇದ್ದರೂ ಇದನ್ನು ಬಿಡಬೇಡಿ. ಗೋಡೆ ಕಟ್ಟಿದ ಮೇಲೆ ಧೈರ್ಯವಾಗಿ ಅದರ ಹಿಂದೆ ಇನ್ನಷ್ಟು ಮನೆಗಳು ಏಳುತ್ತವೆ. ಗೋಡೆ ಒಡೆದ ದಿನ ಮೊದಲಿಗಿಂತ ಜಾಸ್ತಿ ಜನ ನೀರಿನಲ್ಲಿರುತ್ತಾರೆ.

ಮನೆಮನೆಗೆ ಹೋಗುವುದಾದರೆ ಸಂಜೆ ಹೋಗಿ, ರಜಾದಿನ ಹೋಗಿ, ಒಂದೇ ಓಣಿಗೆ ಬೇರೆ ಬೇರೆ ಹೊತ್ತಿನಲ್ಲಿ ಹೋಗಿ. ತಂಡದಲ್ಲಿ ಹೆಂಗಸರಿರಲಿ, ಓಣಿಯವರೇ ಒಬ್ಬರಿರಲಿ. ಯಜಮಾನರ ಕಾಲಂ ತೆಗೆದುಬಿಡಿ. ರಾತ್ರಿ ಇಲ್ಲಿ ಯಾರು ಯಾರು ಮಲಗುತ್ತಾರೆ ಅಂತ ಕೇಳಿ. ಹಿಂದೆ, ಕೆಳಗೆ, ಮಾಳಿಗೆಯ ಮೇಲೆ ಯಾರಾದರೂ ಇದ್ದಾರಾ ಅಂತ ಕೇಳಿ. ಮೆಟ್ಟಿಲು ಹತ್ತಲಾರದವರು ಯಾರು, ದಿನಾ ಮಾತ್ರೆ ಬೇಕಾದವರು ಯಾರು, ಕರೆಂಟ್ ಹೋದರೆ ನಿಂತುಹೋಗುವ ಯಂತ್ರದ ಮೇಲೆ ಯಾರ ಉಸಿರಿದೆ, ಸಂದೇಶ ಬರೆಯುವ ಭಾಷೆ ಓದಲು ಬಾರದವರು ಯಾರು. ಬಾಗಿಲು ಯಾವ ಕಡೆಗೆ ತೆರೆಯುತ್ತದೆ ಅಂತ ನೀವೇ ನೋಡಿ. ಆಮೇಲೆ, ರಾತ್ರಿ ಎರಡು ಗಂಟೆಗೆ ನಿಮ್ಮ ಬಾಗಿಲು ತಟ್ಟಲು ಯಾರು ಬರುತ್ತಾರೆ ಅಂತ ಪ್ರತಿಯೊಬ್ಬರನ್ನೂ ಕೇಳಿ. ಒಬ್ಬರ ಹೆಸರು ಥಟ್ಟನೆ ಬಂದರೆ ಸರಿ. ಸುಮ್ಮನಾದರೆ ಆ ಮನೆಗೆ ಗುರುತು ಹಾಕಿ, ಬಾಗಿಲು ತಟ್ಟುವವರನ್ನು ಅವತ್ತೇ ಗೊತ್ತು ಮಾಡಿ.

ಸಾಫ್ಟ್‌ವೇರ್ ಯಾವುದಾದರೂ ಆದೀತು. ನಕ್ಷೆ ಮಾಡುವ ಕ್ಯೂಜಿಐಎಸ್ ಉಚಿತವಾಗಿ ಸಿಗುತ್ತದೆ, ಹಿನ್ನೆಲೆಗೆ ಓಪನ್‌ಸ್ಟ್ರೀಟ್‌ಮ್ಯಾಪ್ ಅನ್ನುವ ಉಚಿತ ಬೀದಿ ನಕ್ಷೆ ಇದೆ. ಮೊದಲ ಸುತ್ತು ಮಾತ್ರ ದೊಡ್ಡ ಹಾಳೆಯ ಮೇಲೆ ಪೆನ್ಸಿಲ್‌ನಲ್ಲಿ ಮಾಡಿ. ಲ್ಯಾಪ್‌ಟಾಪ್ ಮುಂದೆ ಸುಮ್ನೆ ತಲೆಯಾಡಿಸುವವರು ಹಾಳೆ ಹಾಸಿದರೆ ಬಗ್ಗಿ ಬೆರಳಿಟ್ಟು ತಿದ್ದುತ್ತಾರೆ. ಇನ್ನೊಂದು ವಿಷಯ. ಒಂಟಿಯಾಗಿರುವವರು, ಕಾಯಿಲೆಯವರು ಯಾರು ಅನ್ನುವ ಪಟ್ಟಿ ಗ್ರೂಪ್‌ಗಳಲ್ಲಿ ಹರಿದಾಡಬಾರದು. ಯಾರ ಕೈಯಲ್ಲಿರಬೇಕು, ಪರಿಹಾರ ಹಂಚುವವರು ಕೇಳಿದರೆ ಯಾವ ಭಾಗ ಕೊಡಬೇಕು, ಬಿಟ್ಟುಹೋದ ಹೆಸರನ್ನು ಅಲ್ಲೇ ಸೇರಿಸುವ ಅಧಿಕಾರ ಯಾರಿಗೆ ಅಂತ ನಕ್ಷೆ ಶುರು ಮಾಡುವ ಮೊದಲೇ ಬರೆದಿಟ್ಟುಕೊಳ್ಳಿ. ಬೇಕಿದ್ದರೆ ನಾವು ಆಮೇಲೆ ಬದಲಾಯಿಸಿದ ಫಾರಂ ಕಳಿಸುತ್ತೇನೆ, ಕಾಮೆಂಟಿನಲ್ಲಿ ಕೇಳಿ.