ಡೀನ್ ಕಾಡಿನಲ್ಲಿ ಕಿಟ್ಟ, ಕಾವಿ, ಕಾಡುಹಂದಿ

ಪ್ರಶ್ನೆ: ನಾವಿರುವುದು ಇಂಗ್ಲೆಂಡಿನ ಬ್ರಿಸ್ಟಲ್‌ನಲ್ಲಿ. ಅಕ್ಟೋಬರ್ ಕೊನೆಗೆ ಭದ್ರಾವತಿಯಿಂದ ಅಪ್ಪ ಅಮ್ಮ ಬರುತ್ತಿದ್ದಾರೆ. ಅಪ್ಪ ಉಕ್ಕಿನ ಕಾರ್ಖಾನೆಯಲ್ಲಿ ದುಡಿದು ನಿವೃತ್ತರಾದವರು, ಅಮ್ಮನಿಗೆ ಮಂಡಿನೋವು. ಎರಡು ದಿನಕ್ಕೆ ಫಾರೆಸ್ಟ್ ಆಫ್ ಡೀನ್ ಸುತ್ತಿಸಬಹುದೇ? ಎಲ್ಲಿಂದ ಶುರು ಮಾಡುವುದು?

ಉತ್ತರ: ಧಾರಾಳವಾಗಿ ಸುತ್ತಿಸಬಹುದು. ನಿಮ್ಮ ತಂದೆಯವರಿಗಂತೂ ಹೇಳಿ ಮಾಡಿಸಿದ ಜಾಗ. ಸೆವರ್ನ್ ಮತ್ತು ವೈ ನದಿಗಳ ನಡುವಿನ ಈ ಕಾಡು ನೋಡಲು ಮಲೆನಾಡಿನಷ್ಟೇ ಹಸಿರು. ಆದರೆ ಕಾಲಡಿಯ ನೆಲವೆಲ್ಲ ಅಗೆದು, ಕಾಯಿಸಿ, ಕರಗಿಸಿ ಬಿಟ್ಟದ್ದು. ಇಲ್ಲಿನ ಸಿಂಡರ್‌ಫರ್ಡ್ ಊರಿನ ಹೆಸರನ್ನು ಕನ್ನಡಕ್ಕೆ ತಂದರೆ ‘ಕಿಟ್ಟದ ಕಡವು’ ಎಂದಾಗುತ್ತದೆ; ಕಿಟ್ಟ ಎಂದರೆ ಅದಿರು ಕರಗಿಸಿದಾಗ ಉಳಿಯುವ ಕಸ. ದೊಡ್ಡ ಕಲ್ಲಿದ್ದಲು ಗಣಿಗಳಲ್ಲಿ ಕೊನೆಯದು ಮುಚ್ಚಿದ್ದು 1965ರ ಡಿಸೆಂಬರ್‌ನಲ್ಲಿ. ಬರೀ ಮರ ನೋಡಿ ವಾಪಸಾದರೆ ಅರ್ಧ ಮಾತ್ರ ನೋಡಿದಂತೆ.

ಕೋಲ್‌ಫರ್ಡ್‌ನಲ್ಲಿ ಉಳಿದುಕೊಳ್ಳಿ. ಎಂ48 ಹೆದ್ದಾರಿಯ ಹಳೆಯ ಸೆವರ್ನ್ ಸೇತುವೆ ದಾಟಿ ಚೆಪ್‌ಸ್ಟೋ ಮೂಲಕ ಹೋದರೆ ಕಾರಿನಲ್ಲಿ ಸುಮಾರು ಒಂದು ಗಂಟೆ. ಸೇತುವೆಯ ಟೋಲ್ 2018ರಲ್ಲೇ ರದ್ದಾಗಿದೆ.

ಮೊದಲ ದಿನ ಬೆಳಿಗ್ಗೆ ಕ್ಲಿಯರ್‌ವೆಲ್ ಗುಹೆಗಳು. ಹೆಸರು ಗುಹೆ, ನಿಜಕ್ಕೂ ಕಬ್ಬಿಣದ ಗಣಿ. ಒಳಗೆ ವರ್ಷವಿಡೀ ಸುಮಾರು 10 ಡಿಗ್ರಿ, ಆದ್ದರಿಂದ ಸ್ವೆಟರ್ ಬೇಕೇ ಬೇಕು. ನೆಲ ಏರುತಗ್ಗು, ಜಾರುತ್ತದೆ. ಅಮ್ಮ ಮೇಲೆ ಕೆಫೆಯಲ್ಲಿ ಕೂತಿರುವುದೇ ಮೇಲು. ಇಲ್ಲಿ ತೆಗೆದ ಆಕರ್ ಎಂಬ ಮಣ್ಣುಬಣ್ಣವನ್ನು ಅಂಗಡಿಯಲ್ಲಿ ಮಾರುತ್ತಾರೆ. ಕೆಂಪು, ಹಳದಿ, ಕಂದು, ನೇರಳೆ ಛಾಯೆಗಳಿವೆ. ಕೆಂಪು ಪುಡಿಯನ್ನು ಬೆರಳಿಗೆ ಹಚ್ಚಿಕೊಂಡು ನೋಡಲಿ, ನಮ್ಮ ಕಾವಿಯೇ ಅದು. ಕಬ್ಬಿಣದ ಆಕ್ಸೈಡ್ ಎರಡು ಊರಲ್ಲೂ ಒಂದೇ ಬಣ್ಣ. ಕಾಡಿನ ಕೆಲವು ತೊರೆಗಳ ತಳ ಕಿತ್ತಳೆ ಬಣ್ಣಕ್ಕೆ ತಿರುಗಿರುವುದಕ್ಕೂ ಹಳೆ ಗಣಿಗಳಿಂದ ಒಸರುವ ಕಬ್ಬಿಣದ ನೀರೇ ಕಾರಣ.

ಮಧ್ಯಾಹ್ನ ಡಾರ್ಕ್‌ಹಿಲ್, ಹಳೆಯ ಕಬ್ಬಿಣದ ಕಾರ್ಖಾನೆಯೊಂದರ ಅವಶೇಷ. ಮಿಲ್ಕ್‌ವಾಲ್ ಊರಿನ ಪಕ್ಕ, ಹಳೆ ರೈಲುಹಾದಿಯ ಬದಿಯಲ್ಲಿದೆ. ಟಿಕೆಟ್ ಇಲ್ಲ, ಕಾವಲಿಲ್ಲ. ನೋಡಿದವರಿಗೆ ಮೊದಲು ಕಾಣುವುದು ಪಾಚಿ ಹಿಡಿದ ಮೋಟುಗೋಡೆಗಳು ಮಾತ್ರ. ಊದುಕುಲುಮೆಯನ್ನು ಇಳಿಜಾರಿಗೆ ಒರಗಿಸಿ ಏಕೆ ಕಟ್ಟಿದರೆಂದು ತಂದೆಯವರನ್ನೇ ಕೇಳಿ. ಮೇಲಿನ ನೆಲದಿಂದ ನೇರವಾಗಿ ಅದಿರು, ಇಂಧನ, ಸುಣ್ಣಕಲ್ಲು ಸುರಿಯಬಹುದು, ಕರಗಿದ ಕಬ್ಬಿಣ ಕೆಳಗೆ ಹೊರಬರುತ್ತದೆ. ಎತ್ತುವ ಯಂತ್ರದ ಖರ್ಚು ಉಳಿಯಿತು.

ಇದನ್ನು ಕಟ್ಟಿಸಿದವನು ಡೇವಿಡ್ ಮುಷೆಟ್. ಆತ ಡೀನ್‌ಗೆ ಬರುವ ಮೊದಲೇ, 1805ರಲ್ಲಿ, ಭಾರತದಿಂದ ತರಿಸಿದ ‘ವೂಟ್ಸ್’ ಉಕ್ಕಿನ ಮೇಲೆ ಪ್ರಯೋಗ ಮಾಡಿ ರಾಯಲ್ ಸೊಸೈಟಿಯ ಪತ್ರಿಕೆಯಲ್ಲಿ ಬರೆದಿದ್ದ. ವೂಟ್ಸ್ ಎಂಬುದು ನಮ್ಮ ‘ಉಕ್ಕು’ ಪದವೇ ಇಂಗ್ಲಿಷರ ಬಾಯಲ್ಲಿ ತಿರುಚಿಕೊಂಡದ್ದು ಎಂಬ ವಿವರಣೆಯನ್ನು ಬಹಳ ಮಂದಿ ಒಪ್ಪುತ್ತಾರೆ. ಅವನ ಮಗ ರಾಬರ್ಟ್ ಇನ್ನೂ ಮುಂದೆ ಹೋದ. ಬೆಸೆಮರ್ ಎಂಬಾತನ ಉಕ್ಕು ತಯಾರಿಸುವ ವಿಧಾನದಲ್ಲಿ ಕರಗಿದ ಕಬ್ಬಿಣಕ್ಕೆ ಗಾಳಿ ಊದಿದಾಗ ಇಂಗಾಲವೆಲ್ಲ ಸುಟ್ಟುಹೋಗಿ, ಲೋಹದಲ್ಲಿ ಆಮ್ಲಜನಕ ಉಳಿದು, ಬಿಸಿಯಲ್ಲಿ ಬಡಿದರೆ ಪುಡಿಪುಡಿಯಾಗುತ್ತಿತ್ತು. ಮ್ಯಾಂಗನೀಸ್ ಮತ್ತು ಇಂಗಾಲ ಎರಡೂ ಇರುವ ಸ್ಪೀಗಲ್ ಎಂಬ ಬೀಡುಕಬ್ಬಿಣವನ್ನು ಲೆಕ್ಕದಲ್ಲಿ ಸೇರಿಸಿದರೆ ಸರಿಹೋಗುತ್ತದೆಂದು ರಾಬರ್ಟ್ 1856ರಲ್ಲಿ ತೋರಿಸಿದ. ಮ್ಯಾಂಗನೀಸ್ ಆಮ್ಲಜನಕವನ್ನು ಹೀರಿಕೊಂಡು ಕಿಟ್ಟಕ್ಕೆ ಹೋಗುತ್ತದೆ, ಬೇಕಾದಷ್ಟು ಇಂಗಾಲ ಮರಳುತ್ತದೆ. ಆದರೆ ಮುದ್ರಾಂಕ ಶುಲ್ಕ ಕಟ್ಟದೆ ಪೇಟೆಂಟ್ ಕೈಬಿಟ್ಟುಹೋಯಿತು. ಮುಂದೆ ಬೆಸೆಮರ್ ವರ್ಷಕ್ಕೆ 300 ಪೌಂಡ್ ಕೊಡುತ್ತಿದ್ದ, ಅಷ್ಟೆ.

ಎರಡನೇ ದಿನ ಅಮ್ಮನ ದಿನ. ಸಿಮಂಡ್ಸ್ ಯಾಟ್ ರಾಕ್‌ನಲ್ಲಿ ವಾಹನ ನಿಲುಗಡೆಯಿಂದ ಸ್ವಲ್ಪವೇ ನಡೆದರೆ ವೈ ನದಿ ದೊಡ್ಡ ತಿರುವು ಹೊಡೆಯುವುದು ಕಾಣುತ್ತದೆ. ಅಲ್ಲಿಂದ ಮಾನ್‌ಮತ್, ಇಲ್ಲವೇ ರಾಸ್-ಆನ್-ವೈ. ಮಾನ್‌ಮತ್‌ನಲ್ಲಿ ಸೇತುವೆಯ ಮೇಲೆಯೇ ಕೋಟೆಬಾಗಿಲಿದೆ, ಬ್ರಿಟನ್‌ನಲ್ಲಿ ಉಳಿದಿರುವುದು ಇದೊಂದೇ. ರಾಸ್‌ನಲ್ಲಿ ಗುರುವಾರ, ಶನಿವಾರ ಸಂತೆ. 17ನೇ ಶತಮಾನದ ಕೆಂಪುಕಲ್ಲಿನ ಸಂತೆಮಂಟಪದ ಕೆಳಗೇ ಅಂಗಡಿ ಹಾಕುತ್ತಾರೆ. ಪಜಲ್‌ವುಡ್ ಎಂಬ ಜಾಗವನ್ನು ಎಲ್ಲರೂ ಹೊಗಳುತ್ತಾರೆ. ಅಗೆದ ಬಂಡೆಸಂದುಗಳ ಮೇಲೆ ಯೂ ಮರದ ಬೇರು ಹಬ್ಬಿದ ನೋಟ ಅದ್ಭುತವೇ, ಆದರೆ ಮಂಡಿನೋವಿನವರಿಗೆ ಬೇಡ. ಮೆಟ್ಟಿಲು ವಕ್ರ, ಒದ್ದೆ ಎಲೆ ಬಿದ್ದರೆ ಸಾಬೂನಿನಂತೆ.

ಜನ ಎಡವುವುದು ಸಮಯದಲ್ಲಿ. ಅಕ್ಟೋಬರ್ ಕೊನೆಯ ಭಾನುವಾರ ಗಡಿಯಾರ ಒಂದು ಗಂಟೆ ಹಿಂದಕ್ಕೆ ಹೋಗುತ್ತದೆ, ಆಮೇಲೆ ಐದಕ್ಕೆಲ್ಲ ಹೊತ್ತು ಮುಳುಗಿರುತ್ತದೆ. ಪಬ್‌ಗಳ ಅಡುಗೆಮನೆ ಎರಡೂವರೆಗೆ ಮುಚ್ಚುವುದು ಸಾಮಾನ್ಯ. ಸಸ್ಯಾಹಾರಿಗಳಾದರೆ ಆಲೂಗಡ್ಡೆಯ ಮೇಲಿನ ಗ್ರೇವಿಯಲ್ಲಿ ಮಾಂಸದ ರಸ ಇದೆಯೇ ಎಂದು ಕೇಳಿಯೇ ತಿನ್ನಿ. ಚಿತ್ರಾನ್ನದ ಡಬ್ಬಿ ಜೊತೆಗಿದ್ದರೆ ಈ ರಗಳೆಯೇ ಇಲ್ಲ. ಗುಹೆಯ ಟಿಕೆಟ್ ಮುಂಚೆಯೇ ಕಾಯ್ದಿರಿಸಿ.

ಪ್ರಶ್ನೆ: ಕಾರ್ಡಿಫ್‌ನಲ್ಲಿ ಓದುತ್ತಿದ್ದೇನೆ, ಕಾರಿಲ್ಲ. ಒಂದೇ ದಿನದಲ್ಲಿ ಹೋಗಿಬರಬಹುದೇ?

ಉತ್ತರ: ಬರಬಹುದು. ಗ್ಲಾಸ್ಟರ್ ಕಡೆಯ ರೈಲು ಹತ್ತಿ ಲಿಡ್ನಿಯಲ್ಲಿ ಇಳಿಯಿರಿ. ಪಕ್ಕದಲ್ಲೇ ಡೀನ್ ಫಾರೆಸ್ಟ್ ರೈಲ್ವೆಯ ನಿಲ್ದಾಣ, ಅಲ್ಲಿಂದ ಪಾರ್ಕೆಂಡ್‌ವರೆಗೆ ಸುಮಾರು 7 ಕಿ.ಮೀ. ಪಾರಂಪರಿಕ ರೈಲು. ಅದು ದಿನಾ ಓಡುವುದಿಲ್ಲ, ಉಗಿಬಂಡಿಯೇ ಬರುತ್ತದೆಂಬ ಖಾತ್ರಿಯೂ ಇಲ್ಲ. ವೇಳಾಪಟ್ಟಿ ನೋಡಿಯೇ ದಿನ ಗೊತ್ತುಮಾಡಿಕೊಳ್ಳಿ. ಪಾರ್ಕೆಂಡ್‌ನಿಂದ ಹಳೆ ರೈಲುಹಾದಿ ಹಿಡಿದು ನಡೆದರೆ ಮೇಲೆ ಹೇಳಿದ ಡಾರ್ಕ್‌ಹಿಲ್ ಸಿಗುತ್ತದೆ. ಭಾನುವಾರ ಬಸ್ಸು ಬಲು ಅಪರೂಪ. ಕಣಿವೆಗಳಲ್ಲಿ ಮೊಬೈಲ್ ಸಿಗ್ನಲ್ ಕೈಕೊಡುತ್ತದೆ, ಆರ್ಡ್‌ನೆನ್ಸ್ ಸರ್ವೆಯ ಒಎಲ್14 ನಕ್ಷೆ ಜೊತೆಗಿರಲಿ.

ಪ್ರಶ್ನೆ: ಇಲ್ಲಿ ಯಾರು ಬೇಕಾದರೂ ಗಣಿ ತೋಡಬಹುದಂತೆ, ನಿಜವೇ? ಕಾಡುಹಂದಿಗಳ ಭಯವೂ ಇದೆಯಂತೆ?

ಉತ್ತರ: ಯಾರು ಬೇಕಾದರೂ ಅಲ್ಲ. 1838ರ ಕಾಯ್ದೆಯ ಪ್ರಕಾರ ಸೇಂಟ್ ಬ್ರಿಯಾವೆಲ್ಸ್ ಹಂಡ್ರೆಡ್ ಎಂಬ ಗಡಿಯೊಳಗೆ ಹುಟ್ಟಿ, 21 ತುಂಬಿ, ಒಂದು ವರ್ಷ ಮತ್ತು ಒಂದು ದಿನ ಅಲ್ಲಿನ ಗಣಿಯಲ್ಲಿ ದುಡಿದವರು ಮಾತ್ರ ‘ಫ್ರೀಮೈನರ್’. 2010ರಿಂದ ಹೆಂಗಸರಿಗೂ ಈ ಹಕ್ಕು ಸಿಕ್ಕಿದೆ. ತೊಡಕೇನೆಂದರೆ ಈಗ ಹೆರಿಗೆಗಳು ಹೆಚ್ಚಾಗಿ ಗಡಿಯಾಚೆಯ ಗ್ಲಾಸ್ಟರ್ ಆಸ್ಪತ್ರೆಯಲ್ಲಿ ಆಗುತ್ತವೆ, ಹಾಗಾಗಿ ಅರ್ಹರೇ ಕಡಿಮೆ. ಕಾಡಿನಲ್ಲಿ ಬಾಯ್ದೆರೆದ ಹಳೆ ಸುರಂಗ ಕಂಡರೆ ಇಣುಕಲೂ ಹೋಗಬೇಡಿ. ಒಳಗೆ ಆಮ್ಲಜನಕ ಕಡಿಮೆಯಾದ ಗಾಳಿ ನಿಂತಿರುತ್ತದೆ, ಅದಕ್ಕೆ ವಾಸನೆಯಿಲ್ಲ.

ಹಂದಿಗಳು ಇರುವುದು ನಿಜ. ರಸ್ತೆಬದಿಯ ಹುಲ್ಲು ಉತ್ತಂತೆ ಕಂಡರೆ ಅವು ಬಂದುಹೋಗಿವೆ ಎಂದರ್ಥ. ಮರಿಗಳಿದ್ದರೆ ಬಂದ ದಾರಿಯಲ್ಲೇ ಹಿಂದಿರುಗಿ, ನಾಯಿ ಇದ್ದರೆ ಹಗ್ಗ ಬಿಚ್ಚಬೇಡಿ. ಹಂದಿಗಿಂತ ರಕ್ತ ಹೀರುವ ಉಣ್ಣೆಹುಳುವೇ ಹೆಚ್ಚು ಕಾಡುತ್ತದೆ. ಜರೀಗಿಡಗಳ ನಡುವೆ ನಡೆದಿದ್ದರೆ ಸಂಜೆ ಮಂಡಿಯ ಹಿಂಭಾಗ, ತೊಡೆಸಂದು ನೋಡಿಕೊಳ್ಳಿ. ಕಚ್ಚಿದ್ದರೆ ಚಿಮುಟದಿಂದ ಚರ್ಮಕ್ಕೆ ತಾಗಿಸಿ ಹಿಡಿದು ನೇರವಾಗಿ ಎಳೆಯಿರಿ, ಎಣ್ಣೆ ಹಚ್ಚುವುದು, ಸುಡುವುದು ಬೇಡ. ರಾತ್ರಿ ಕಾರು ಓಡಿಸುವವರು ನಿಧಾನಕ್ಕೆ ಹೋಗಿ. ಊರವರ ಕುರಿಗಳು ಕಾಡುರಸ್ತೆಯ ಮಧ್ಯೆಯೇ ಮಲಗಿರುತ್ತವೆ, ಹಾರ್ನ್ ಹೊಡೆದರೂ ಏಳುವುದಿಲ್ಲ.