ಜನಗಣತಿಯಲ್ಲಿ ಧರ್ಮದ ಕಾಲಂ ಹೆಸರು ನೋಡಿಯೇ ತುಂಬಿದರೆ ಆಗಲ್ವಾ?

ನೂರೈವತ್ತು ಮನೆ, ಹೆಸರು ಕೇಳಿದರೇ ಧರ್ಮ ಗೊತ್ತಾಗುತ್ತೆ, ಮತ್ತೆ ಕೇಳೋಕೆ ಮುಜುಗರ ಅಂದಿದ್ದೀರಿ. 2011ರಲ್ಲಿ ನನ್ನ ತಲೆಯಲ್ಲೂ ಇದೇ ಇತ್ತು.

ಫೆಬ್ರವರಿ 9ರಿಂದ 28ರವರೆಗೆ ಗಣತಿ. ಹಗಲು ಪಾಠ, ಸಂಜೆ ಮನೆ ಸುತ್ತೋದು. ನನ್ನ ಪಾಲಿಗೆ ಬಂದಿದ್ದು ಗುಲ್ಬರ್ಗ ಜಿಲ್ಲೆಯ ಒಂದು ಹಳ್ಳಿ. ಆಗಿನ್ನೂ ಕಲಬುರಗಿ ಅಂತ ಆಗಿರಲಿಲ್ಲ. ತಲೆಗೆ 29 ಪ್ರಶ್ನೆ. ಏಳನೆಯದು ಧರ್ಮ: ಹಿಂದೂ 1, ಮುಸ್ಲಿಂ 2, ಕ್ರಿಶ್ಚಿಯನ್ 3, ಸಿಖ್ 4, ಬೌದ್ಧ 5, ಜೈನ 6. ಬೇರೆ ಏನಾದರೂ ಅಂದರೆ ಹೆಸರು ಪೂರ್ತಿ ಬರೆದು ಕೋಡ್ ಖಾಲಿ ಬಿಡಬೇಕು.

ಒಂದು ಮನೆಯಲ್ಲಿ ಯಜಮಾನ 'ಎಸ್‌ಸಿ' ಅಂದ. ಅದು ಎಂಟನೇ ಪ್ರಶ್ನೆ. ಅದಕ್ಕೆ ಉತ್ತರ ಸಿಕ್ಕಿತಲ್ಲ, ಏಳನೆಯದಕ್ಕೆ ನಾನೇ 1 ಹಾಕಿದೆ. ಏಳು ಜನ, ಏಳು ಸಾಲು, ಮೇಲಿಂದ ಕೆಳಗೆ 1. ಎಸ್‌ಸಿ ಅಂದರೆ ಹಿಂದೂನೇ ಅಲ್ವಾ ಅನ್ನೋ ಲೆಕ್ಕ. ತಪ್ಪು. 1956ರಿಂದ ಸಿಖ್ಖರು, 1990ರಿಂದ ಬೌದ್ಧರೂ ಎಸ್‌ಸಿ ಪಟ್ಟಿಗೆ ಬರುತ್ತಾರೆ. ತರಬೇತಿಯಲ್ಲಿ ಇದನ್ನು ಹೇಳಿದ್ದರು. ನಾನು ಹಿಂದಿನ ಬೆಂಚಲ್ಲಿ ಉತ್ತರ ಪತ್ರಿಕೆ ತಿದ್ದುತ್ತಿದ್ದೆ.

ಮಾರ್ಚ್ ಮೊದಲ ವಾರ ಮರುಪರಿಶೀಲನೆಗೆ ಹೋದಾಗ ಕಾಲೇಜಿನ ಮಗ ಊರಿಗೆ ಬಂದಿದ್ದ. "ನಮ್ದು ಏನ್ ಬರದೀರಿ ಸರ?" ಅಂದ. ತೋರಿಸಿದೆ. ಅವನು ಮಾತಾಡಲಿಲ್ಲ, ಗೋಡೆ ಕಡೆ ನೋಡಿದ. ಬುದ್ಧ, ಬಾಬಾಸಾಹೇಬ್, ಇಬ್ಬರ ಫೋಟೊ. ಮೊದಲ ಸಲ ನಾನು ಕೂತಿದ್ದು ಅದರ ಕೆಳಗೇ.

ಸರಿ, ಎಲ್ಲರಿಗೂ 5 ಮಾಡ್ತೀನಿ ಅಂದೆ. ಅಕ್ಕಿ ಆರಿಸುತ್ತಿದ್ದ ಅಜ್ಜಿ ಮೊರ ಕೆಳಗಿಟ್ಟಳು. "ನಂದು ಹಿಂದೂನೇ ಇರ್ಲಿ ಮಾಸ್ತರ. ಎಲ್ಲಮ್ಮನ್ನ ನಾ ಬಿಟ್ಟಿಲ್ಲ." ಒಂದೇ ಮನೆಗೆ ಒಂದೇ ಧರ್ಮ ಅಂತ ಹಿಡಿಯಬೇಡಿ ಅಂತಲೂ ಕೈಪಿಡಿಯಲ್ಲಿತ್ತು, ಓದಿದ್ದರೆ ತಾನೇ.

ಹಾಗೆ ಅಂದಾಜಲ್ಲಿ ತುಂಬಿದ್ದ ಮನೆ ಇನ್ನೂ ಹನ್ನೊಂದಿದ್ದವು. ಎರಡು ದಿನ ಮತ್ತೆ ಅಲೆದೆ. ಮೇಲ್ವಿಚಾರಕರ ಹತ್ತಿರ ಬೈಸಿಕೊಂಡಿದ್ದು ಬೇರೆ.

2015ರಲ್ಲಿ ಧರ್ಮದ ಅಂಕಿ ಹೊರಬಂತು. ದೇಶದಲ್ಲಿ ಹಿಂದೂಗಳು 79.8%, ಮುಸ್ಲಿಮರು 14.2%, ಅದನ್ನೇ ಟಿವಿಯಲ್ಲಿ ಚರ್ಚೆ ಮಾಡಿದ್ದು. ನಾನು ನೋಡಿದ್ದು ಕರ್ನಾಟಕದ ಬೌದ್ಧರ ಸಾಲು. 2001ರಲ್ಲಿ ಸುಮಾರು 3.93 ಲಕ್ಷ ಇದ್ದವರು 2011ರಲ್ಲಿ 95 ಸಾವಿರ ಚಿಲ್ಲರೆ. ಎಲ್ಲಾ ನನ್ನಂಥ ಮೇಷ್ಟ್ರ ಸೋಮಾರಿತನ ಅಂತ ಹೇಳಲ್ಲ. ಆದರೆ ನನ್ನ ಕೈಯ ಆ ಏಳು 1 ಕಣ್ಣ ಮುಂದೆ ಬಂದವು.

ಇನ್ನು ನಿಮ್ಮ ಮುಜುಗರ. ಹೆಂಗಸರನ್ನು ಎಷ್ಟನೇ ವಯಸ್ಸಿಗೆ ಮದುವೆ ಆಯ್ತು ಅಂತ ಕೇಳಿದ್ದೀವಿ ನಾವು, ಧರ್ಮ ಕೇಳೋಕೆ ಏನು ಕಷ್ಟ? ನೀವು ಜಾಣತನದಿಂದ ಊಹಿಸಬೇಕಾದ ಪ್ರಶ್ನೆಯೇ ಅಲ್ಲ ಇದು. ಜಾರ್ಖಂಡ್ ಕಡೆ ಆದಿವಾಸಿಗಳು ಪ್ರಕೃತಿಯನ್ನು ಪೂಜಿಸುವ ತಮ್ಮ ಧರ್ಮದ ಹೆಸರು ಸರ್ನಾ ಅಂತ ಬರೆಸಿದ್ದಕ್ಕೇ 2011ರಲ್ಲಿ 49 ಲಕ್ಷಕ್ಕೂ ಜಾಸ್ತಿ ಜನ ಆ ಹೆಸರಲ್ಲಿ ಲೆಕ್ಕಕ್ಕೆ ಸಿಕ್ಕರು. ಯಾವ ಧರ್ಮವೂ ಇಲ್ಲ ಅಂದರೆ ಅದನ್ನೂ ಬರೆಯಿರಿ. ವಾದ ಬೇಡ, ಬುದ್ಧಿವಾದವೂ ಬೇಡ. ಅಜ್ಜಿ ಮೂಲೆಯಲ್ಲಿದ್ದರೆ ಅವರನ್ನೇ ಕೇಳಿ, ಮಗನನ್ನಲ್ಲ.