ಓದುಗರ ಪ್ರಶ್ನೆ: ‘ನೇರವಾಗಿ ಕೇಳಿದರೆ ಇನ್ನಷ್ಟು ಕೆಡುವುದಿಲ್ಲವೇ?’

ಪ್ರಶ್ನೆ: ನಾವು ಸೋಮವಾರಪೇಟೆ ಕಡೆಯವರು, ಸ್ವಲ್ಪ ಕಾಫಿ ತೋಟವಿದೆ. ಒಂಬತ್ತನೇ ತರಗತಿಯಲ್ಲಿರುವ ಮಗನಿಗೆ ಚಿಕ್ಕಂದಿನಿಂದಲೂ ಉಗ್ಗು. ಅವನು ತರಗತಿಯಲ್ಲಿ ಪಾಠ ಓದುವುದನ್ನು ಯಾರೋ ಕದ್ದು ವಿಡಿಯೊ ಮಾಡಿ, ಹಾಡು ಸೇರಿಸಿ ವಾಟ್ಸ್‌ಆ್ಯಪ್‌ನಲ್ಲಿ ಹರಿಬಿಟ್ಟಿದ್ದಾರೆ. ಈಗ ಬಸ್ಸಿನಲ್ಲೂ ಅದೇ ಹಾಡು ಗುನುಗಿ ನಗುತ್ತಾರಂತೆ. ಶಾಲೆಯಿದ್ದ ದಿನ ಬೆಳಿಗ್ಗೆ ಹೊಟ್ಟೆ ನೋವು. ಮಳೆ ರಜೆ ಘೋಷಣೆಯಾದರೆ ನೋವಿಲ್ಲ. ಮೊನ್ನೆ ಅವನ ವಿಜ್ಞಾನದ ನೋಟ್‌ ಪುಸ್ತಕದ ಕೊನೆಯ ಪುಟದಲ್ಲಿ ‘ನಾನು ಇಲ್ಲದಿದ್ದರೆ ಎಲ್ಲರಿಗೂ ಆರಾಮ’ ಎಂದು ಬರೆದದ್ದು ನೋಡಿ ಕೈಕಾಲು ತಣ್ಣಗಾಯಿತು. ‘ನಾವೂ ಇದನ್ನೆಲ್ಲ ಕಂಡೇ ಬೆಳೆದದ್ದು, ಗಂಡುಮಕ್ಕಳು ಗಟ್ಟಿಯಾಗಬೇಕು’ ಎನ್ನುತ್ತಾರೆ ಯಜಮಾನರು. ನೇರವಾಗಿ ಕೇಳಿದರೆ ಇಲ್ಲದ ಯೋಚನೆಯನ್ನು ನಾನೇ ತಲೆಗೆ ತುಂಬಿದಂತಾಗುವುದಿಲ್ಲವೇ? ಶಾಲೆ ಬದಲಿಸಲೇ?
— ಒಬ್ಬ ತಾಯಿ

ಉತ್ತರ: ಇಂದು ರಾತ್ರಿಯೇ ಕೇಳಿ. ಶಾಲೆಯ ವಿಷಯ ಆಮೇಲೆ.

ಕೇಳುವುದರಿಂದ ಆತ್ಮಹತ್ಯೆಯ ಯೋಚನೆ ಹುಟ್ಟುವುದಿಲ್ಲ. ಈ ಬಗ್ಗೆ ನಡೆದ ಸಂಶೋಧನೆಗಳು ಮತ್ತೆ ಮತ್ತೆ ಹೇಳಿರುವುದು ಇದನ್ನೇ. ಆದರೆ ಹೇಗೆ ಕೇಳುತ್ತೀರಿ ಎಂಬುದು ಮುಖ್ಯ. ಎದುರಿಗೆ ಕೂರಿಸಿ ವಿಚಾರಣೆ ನಡೆಸಬೇಡಿ. ಜೀಪಿನಲ್ಲೋ ಒಲೆಯ ಮುಂದೋ ಪಕ್ಕದಲ್ಲಿ ಕುಳಿತಿರುವಾಗ ಕೇಳಿ. ‘ಪುಸ್ತಕದಲ್ಲಿ ಬರೆದದ್ದನ್ನು ನೋಡಿದೆ. ಬೈಯುವುದಕ್ಕಲ್ಲ ಕೇಳುತ್ತಿರುವುದು. ಸಾಯಬೇಕು ಅನ್ನಿಸುತ್ತಿದೆಯೇ?’ ಇಷ್ಟು ಸಾಕು. ‘ಹಾಗೆಲ್ಲ ಏನೂ ಮಾಡಿಕೊಳ್ಳುವುದಿಲ್ಲ ತಾನೇ?’ ಎಂದು ಮಾತ್ರ ಕೇಳಬೇಡಿ. ‘ಇಲ್ಲ’ ಎಂಬ ಉತ್ತರವನ್ನು ಆ ಪ್ರಶ್ನೆಯೇ ಅವನ ಬಾಯಿಗೆ ಇಟ್ಟುಬಿಡುತ್ತದೆ. ಉಗ್ಗುವ ಹುಡುಗನಿಗೆ ಇದಕ್ಕಿಂತ ಕಷ್ಟದ ಮಾತು ಇನ್ನೊಂದಿರಲಾರದು. ಅವನು ತಡವರಿಸಿದರೆ ಪದವನ್ನು ನೀವು ತುಂಬಿಸಬೇಡಿ, ಕಾಯಿರಿ. ಬರೆದು ತೋರಿಸುತ್ತೇನೆ ಎಂದರೂ ಸರಿಯೇ.

‘ಹೌದು’ ಎಂದರೆ ‘ನಿನಗೇನು ಕಡಿಮೆ ಮಾಡಿದ್ದೇವೆ’ ಎಂದು ಅಳಬೇಡಿ. ಯಾವಾಗಿನಿಂದ, ಎಷ್ಟು ಸಲ, ಹೇಗೆ ಎಂಬುದರವರೆಗೂ ಯೋಚಿಸಿದ್ದಾನೆಯೇ ಎಂದು ಕೇಳಿ. ಅಲ್ಲಿಯವರೆಗೂ ಹೋಗಿದ್ದರೆ ಅವನನ್ನು ಒಂಟಿಯಾಗಿ ಬಿಡದೆ ಅಂದೇ ಆಸ್ಪತ್ರೆಗೆ ಕರೆದೊಯ್ಯಿರಿ. ಮಡಿಕೇರಿಯ ಜಿಲ್ಲಾ ಬೋಧಕ ಆಸ್ಪತ್ರೆಯಲ್ಲಿ ಮನೋವೈದ್ಯರಿದ್ದಾರೆ. ಅಲ್ಲಿಯವರೆಗೆ ಹೋಗಿಲ್ಲದಿದ್ದರೂ ಈ ವಾರದಲ್ಲೇ ಒಮ್ಮೆ ತೋರಿಸಿ. 2022ರಲ್ಲಿ ಕೇಂದ್ರ ಸರ್ಕಾರ ಆರಂಭಿಸಿದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಯಾವ ಹೊತ್ತಿನಲ್ಲೂ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲೇ ಮಾತನಾಡಬಹುದು. ಮಳೆಗಾಲದಲ್ಲಿ ಕರೆಂಟ್ ಹೋಗಿ ಮೊಬೈಲ್ ಸತ್ತುಬೀಳುವುದು ನಮ್ಮಲ್ಲಿ ಹೊಸದಲ್ಲ, ಸಂಖ್ಯೆಯನ್ನು ಗೋಡೆಯ ಕ್ಯಾಲೆಂಡರಿನ ಮೇಲೂ ಬರೆದಿಡಿ.

ಅವನ ಉತ್ತರ ಏನೇ ಇರಲಿ, ಒಂದು ಕೆಲಸ ಇವತ್ತೇ ಆಗಬೇಕು. ಕೊಡಗಿನ ಬಹಳಷ್ಟು ಮನೆಗಳಲ್ಲಿ ಕೋವಿ ಇರುತ್ತದೆ, ತೋಟವಿದ್ದ ಮೇಲೆ ಸಿಂಪಡಿಸುವ ಔಷಧವೂ ಇರುತ್ತದೆ. ಎರಡಕ್ಕೂ ಬೀಗ ಬೀಳಲಿ, ಕೋವಿಯ ಗುಂಡು ಬೇರೆ ಕಡೆ ಇರಲಿ, ಕೀಲಿ ನಿಮ್ಮ ಬಳಿಯೇ ಇರಲಿ. ಹದಿಹರೆಯದವರಲ್ಲಿ ಆ ಕೆಟ್ಟ ಗಳಿಗೆ ಹಠಾತ್ತಾಗಿ ಬರುತ್ತದೆ, ಅನೇಕ ವೇಳೆ ಹಾಗೆಯೇ ಕಳೆದೂ ಹೋಗುತ್ತದೆ. ಆ ಗಳಿಗೆಯಲ್ಲಿ ಕೈಗೆ ಏನೂ ಸಿಗಬಾರದು. ಕೈಲ್ ಪೊಳ್ದ್ ಹಬ್ಬದ ದಿನ ಪೂಜೆಗೆಂದು ಹೊರತೆಗೆದ ಕೋವಿಗೂ ಇದೇ ಮಾತು.

ಇನ್ನು ಯಜಮಾನರಿಗೆ. ಇದು ಕಾರ್ಯಪ್ಪ, ತಿಮ್ಮಯ್ಯ ಹುಟ್ಟಿದ ನಾಡು ಎಂಬ ಅಭಿಮಾನ ನನಗೂ ಇದೆ. ಆದರೆ ನಿಮ್ಮ ಮಗ ಸೈನ್ಯಕ್ಕೆ ಸೇರಿಲ್ಲ, ಒಂಬತ್ತನೇ ತರಗತಿಗೆ ಸೇರಿದ್ದಾನೆ. ನಿಮ್ಮನ್ನು ಕಾಡಿಸಿದವರು ಸಂಜೆ ಅವರವರ ಮನೆಗೆ ಹೋಗುತ್ತಿದ್ದರು. ಇವನನ್ನು ಕಾಡಿಸುವವರು ರಾತ್ರಿ ಹನ್ನೊಂದಕ್ಕೂ ಅವನ ಫೋನಿನಲ್ಲಿದ್ದಾರೆ. ಸತತ ಅವಮಾನಕ್ಕೆ ಗುರಿಯಾದ ಮಕ್ಕಳಲ್ಲಿ ಖಿನ್ನತೆ, ಆತಂಕ, ಸಾಯುವ ಯೋಚನೆ ಉಳಿದವರಿಗಿಂತ ಹೆಚ್ಚು. ಈ ವಯಸ್ಸಿನ ಖಿನ್ನತೆ ಅಳುವಾಗಿಯೇ ಕಾಣಬೇಕೆಂದಿಲ್ಲ. ಸಿಡುಕು, ನಿದ್ದೆಗೇಡು, ನೀವು ಬರೆದ ಹೊಟ್ಟೆ ನೋವು, ಹೀಗೆಲ್ಲ ಕಾಣಿಸಿಕೊಳ್ಳುತ್ತದೆ. (ಮಳೆ ರಜೆಗೆ ಖುಷಿಪಡದ ಮಗು ಜಿಲ್ಲೆಯಲ್ಲೇ ಇಲ್ಲ, ನಿಜ. ಆದರೆ ನೋವು ಶಾಲೆಯ ದಿನಗಳನ್ನೇ ಹುಡುಕಿಕೊಂಡು ಬರುತ್ತಿದ್ದರೆ ಅದನ್ನು ನಾಟಕ ಎನ್ನಬೇಡಿ.)

ಶಾಲೆಗೆ ದೂರನ್ನು ಬರಹದಲ್ಲೇ ಕೊಡಿ, ಸ್ವೀಕೃತಿ ಪಡೆಯಿರಿ, ಸ್ಕ್ರೀನ್‌ಶಾಟ್‌ಗಳನ್ನು ಇಟ್ಟುಕೊಳ್ಳಿ. ಹುಡುಗರನ್ನು ಕರೆಸಿ ಕೈಕುಲುಕಿಸಿ ‘ರಾಜಿಯಾಯಿತು’ ಎನ್ನುವ ಪಂಚಾಯಿತಿಗೆ ಒಪ್ಪಬೇಡಿ. ಮರುದಿನ ಬಸ್ಸಿನಲ್ಲಿ ಅದಕ್ಕೆ ಬಡ್ಡಿ ಕಟ್ಟುವವನು ನಿಮ್ಮ ಮಗ. ಕರ್ನಾಟಕ ಶಿಕ್ಷಣ ಕಾಯ್ದೆ, 1983 ರ‍್ಯಾಗಿಂಗ್ ಅನ್ನು ನಿಷೇಧಿಸಿದೆ ಎಂದು ಪತ್ರದಲ್ಲಿ ನೆನಪಿಸಿ. ಶಾಲೆ ಕದಲದಿದ್ದರೆ ಮಕ್ಕಳ ಸಹಾಯವಾಣಿ 1098 ಇದೆ. ಮಗನ ಫೋನನ್ನು ಮಾತ್ರ ಕಸಿದುಕೊಳ್ಳಬೇಡಿ. ಅದಕ್ಕೆ ಹೆದರಿಯೇ ಎಷ್ಟೋ ಮಕ್ಕಳು ಮನೆಯಲ್ಲಿ ಬಾಯಿ ಬಿಡುವುದಿಲ್ಲ. ಶಾಲೆ ಬದಲಿಸುವುದು ಅವನಿಗೇ ಬೇಕೆನಿಸಿದರೆ ಮಾಡಿ, ಆದರೆ ವಿಡಿಯೊ ಹೊಸ ಶಾಲೆಗೂ ಹೋಗಬಲ್ಲದು. ಉಗ್ಗಿಗೆ ಮೈಸೂರಿನ ವಾಕ್ ಶ್ರವಣ ಸಂಸ್ಥೆಯಲ್ಲಿ ಒಳ್ಳೆಯ ಚಿಕಿತ್ಸೆ ಇದೆ, ಅವನು ಒಪ್ಪಿದರೆ ಹೋಗಿ. ‘ಉಗ್ಗು ಹೋದರೆ ಕಾಟ ತಪ್ಪುತ್ತದೆ’ ಎಂದು ಹೇಳಿ ಕರೆದೊಯ್ಯಬೇಡಿ. ತಪ್ಪು ಅವನ ನಾಲಿಗೆಯದಲ್ಲ, ವಿಡಿಯೊ ಮಾಡಿದವರದು.

ಪ್ರಶ್ನೆ: ಹಾಸ್ಟೆಲ್‌ನಲ್ಲಿ ನನ್ನ ಗೆಳತಿಯನ್ನು ಎಲ್ಲರೂ ಸೇರಿ ದೂರ ಇಟ್ಟಿದ್ದಾರೆ. ಸಾಯಬೇಕು ಅನ್ನಿಸುತ್ತಿದೆ ಎಂದು ನನಗೊಬ್ಬಳಿಗೇ ಹೇಳಿ, ಯಾರಿಗೂ ತಿಳಿಸುವುದಿಲ್ಲವೆಂದು ಕಾವೇರಮ್ಮನ ಮೇಲೆ ಆಣೆ ಹಾಕಿಸಿಕೊಂಡಿದ್ದಾಳೆ. ಏನು ಮಾಡಲಿ?
— ಪಿಯು ವಿದ್ಯಾರ್ಥಿನಿ, ಗೋಣಿಕೊಪ್ಪಲು

ಉತ್ತರ: ಆಣೆ ಮುರಿಯಿರಿ, ಕಾವೇರಮ್ಮ ಮುನಿಯುವುದಿಲ್ಲ. ‘ಇದನ್ನು ನಾನೊಬ್ಬಳೇ ಹೊರಲಾರೆ, ವಾರ್ಡನ್‌ಗೆ ಹೇಳುತ್ತೇನೆ, ನೀನೂ ಬಾ’ ಎಂದು ಮೊದಲು ಅವಳಿಗೇ ತಿಳಿಸಿ. ವಾರ್ಡನ್ ಹಗುರವಾಗಿ ತೆಗೆದುಕೊಂಡರೆ ಉಪನ್ಯಾಸಕರಿಗೆ, ಅವರೂ ಹಾಗೆಯೇ ಮಾಡಿದರೆ ಅವಳ ಮನೆಗೆ. ದೊಡ್ಡವರೊಬ್ಬರು ಹೊಣೆ ಹೊತ್ತುಕೊಳ್ಳುವವರೆಗೆ ಅವಳ ಜೊತೆಗಿರಿ. ಅವಳು ಕೆಲವು ದಿನ ಮಾತು ಬಿಡಬಹುದು, ಬಿಡಲಿ. ನಿಮಗೂ ನಿದ್ದೆ ಕೆಟ್ಟಿದ್ದರೆ ಮೇಲಿನ 14416ಕ್ಕೆ ನಿಮ್ಮ ಸಲುವಾಗಿಯೂ ಕರೆ ಮಾಡಬಹುದು.